ಹಳೇ ಪೋಲೊಗೆ ದುಡ್ಡು ಸುರಿಯುವ ಮುಂಚೆ

ಮಾನ್ಯ ಸಂಪಾದಕರೇ,

ಪೊಲೀಸರು ಹಿಡಿದು ತಂದ ಸೈಲೆನ್ಸರ್‌ಗಳನ್ನು ರಸ್ತೆ ಮೇಲೆ ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸುವ ಫೋಟೊ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಬರಲಿ, ಒಳ್ಳೆಯದೇ. ರಾತ್ರಿ ಹನ್ನೊಂದು ಗಂಟೆಗೆ ಆಸ್ಪತ್ರೆ ಮುಂದೆ ಪಟಾಕಿ ಹೊಡೆದ ಹಾಗೆ ಸದ್ದು ಮಾಡಿಕೊಂಡು ಹೋಗುವವರ ಮೇಲೆ ನನಗೇನೂ ಕನಿಕರವಿಲ್ಲ. ಆದರೆ ಗಾಡಿಗೆ ಏನು ಮಾಡಿಸಬಾರದು ಅನ್ನುವುದು ಆ ಫೋಟೊದಲ್ಲಿ ಕಾಣುತ್ತದೆ, ಏನು ಮಾಡಿಸಬಹುದು ಅಂತ ಎಲ್ಲೂ ಕಾಣುವುದಿಲ್ಲ. ಈ ಪತ್ರ ಅದರ ಬಗ್ಗೆ.

ನಮ್ಮ ಅಣ್ಣನ ಮಗನ ಹತ್ತಿರ 2014ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಇದೆ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಕೆಲಸ ಬೆಂಗಳೂರಿನಲ್ಲಿ, ವಾರದ ಕೊನೆಗೆ ಮೈಸೂರಿಗೆ ಬರುತ್ತಾನೆ. ಈಗ ಅವನಿಗೆ ಗಾಡಿ ಸಾಲದಾಗಿದೆ. "ಚಿಕ್ಕಪ್ಪ, ಇದಕ್ಕೇ ರೀಮ್ಯಾಪ್ ಮಾಡಿಸಿ ಸಸ್ಪೆನ್ಷನ್ ಬದಲಾಯಿಸಲಾ, ಇಲ್ಲ ಮಾರಿಬಿಟ್ಟು ವರ್ಟಸ್ ಜಿಟಿ ತಗೊಳ್ಳಲಾ?" ಅಂತ ಕೇಳಿದ. ರೀಮ್ಯಾಪ್ ಅಂದರೆ ಎಂಜಿನ್ನಿನ ಸಾಫ್ಟ್‌ವೇರ್ ತಿದ್ದಿ ಪವರ್ ಏರಿಸುವುದು; ವರ್ಟಸ್ ಅದೇ ಕಂಪನಿಯ ಇನ್ನೂ ದೊಡ್ಡ ಕಾರು. ಇದೇ ಪ್ರಶ್ನೆ ಇಟ್ಟುಕೊಂಡು ಒದ್ದಾಡುವ ಹುಡುಗರು ಈ ರಾಜ್ಯದಲ್ಲಿ ಜಾಸ್ತಿ ಇದ್ದಾರೆ, ಅದಕ್ಕೇ ಮನೆ ವಿಷಯವನ್ನು ಪತ್ರಿಕೆಗೆ ಬರೆಯುತ್ತಿದ್ದೇನೆ. ಪೋಲೊನೂ ಒಂದು ಸ್ಪೋರ್ಟ್ಸ್ ಕಾರಾ ಅಂತ ಪೋರ್ಶೆ ಇರುವವರು ನಗಬಹುದು. ನಗಲಿ. ನಮ್ಮ ಸಂಬಳಕ್ಕೆ ಅದೇ ಸ್ಪೋರ್ಟ್ಸ್ ಕಾರು.

ಕಾರಿನ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಪೋಲೊ ಜಿಟಿ ಟಿಎಸ್‌ಐ ನಮ್ಮಲ್ಲಿಗೆ ಬಂದದ್ದು 2013ರಲ್ಲಿ, ಎಂಟು ಲಕ್ಷದ ಆಸುಪಾಸಿನ ಬೆಲೆಗೆ. 1.2 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 105 ಹಾರ್ಸ್ ಪವರ್, 175 ಎನ್ಎಂ ಟಾರ್ಕ್ (ಎಳೆಯುವ ಬಲ), ತಾನೇ ಗೇರ್ ಬದಲಾಯಿಸುವ ಏಳು ಗೇರಿನ ಡಿಎಸ್‌ಜಿ. ಆ ಬೆಲೆಗೆ ಅಂಥ ಗಾಡಿ ಆಗ ಬೇರೆ ಇರಲಿಲ್ಲ. 2020ರಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗ ಆ ಎಂಜಿನ್ ಹೋಯಿತು, 2022ರಲ್ಲಿ ಪೋಲೊನೇ ಹೋಯಿತು. ವರ್ಟಸ್ ಜಿಟಿಯಲ್ಲಿ 1.5 ಲೀಟರ್ ಎಂಜಿನ್, 150 ಹಾರ್ಸ್ ಪವರ್, 250 ಎನ್ಎಂ. ಕಾಗದದ ಮೇಲೆ ಎಲ್ಲಿಂದೆಲ್ಲಿಗೆ ಅಲ್ವಾ? ಆದರೆ ಪೋಲೊ ತೂಕ ಸುಮಾರು 1,100 ಕೆಜಿ. ವರ್ಟಸ್ 1,250ರ ಮೇಲೆ, ಉದ್ದವೂ ಅರ್ಧ ಮೀಟರಿಗಿಂತ ಜಾಸ್ತಿ. ಸ್ಟೇಜ್ ಒನ್, ಅಂದರೆ ಸಾಮಾನು ಬದಲಾಯಿಸದ ಮೊದಲ ಹಂತದ ರೀಮ್ಯಾಪ್ ಮಾಡಿಸಿದರೆ ಪೋಲೊ 130, 135ಕ್ಕೆ ಹೋಗುತ್ತದೆ ಅಂತ ಟ್ಯೂನಿಂಗ್ ಅಂಗಡಿಯವರು ಹೇಳುತ್ತಾರೆ. ಅಲ್ಲಿಗೆ ತೂಕಕ್ಕೂ ಪವರ್‌ಗೂ ಲೆಕ್ಕ ಹಾಕಿ ನೋಡಿದರೆ ಎರಡೂ ಗಾಡಿ ಹೆಚ್ಚು ಕಡಿಮೆ ಸಮ. ಖರ್ಚು ಲಕ್ಷದೊಳಗೆ. ಹುಡುಗ ಆಸೆ ಪಟ್ಟದ್ದರಲ್ಲಿ ತಪ್ಪೇನಿದೆ?

ಆಸೆಯಲ್ಲಿ ತಪ್ಪಿಲ್ಲ. ಆದರೆ ಲೆಕ್ಕ ಅಷ್ಟಕ್ಕೇ ಮುಗಿಯುವುದಿಲ್ಲ.

ನಾನು ಅವನಿಗೆ ಹೇಳಿದ್ದು ಇಷ್ಟು: ಮೊದಲು ಗಾಡಿನ ಲಿಫ್ಟ್ ಮೇಲೆ ಹಾಕಿಸು. ನಮಗೆ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಹೋದೆವು. ಅವರು ಗಾಡಿ ಎತ್ತಿ, ಮುಂದಿನ ಲೋವರ್ ಆರ್ಮ್ (ಚಕ್ರವನ್ನು ಹಿಡಿದಿಡುವ ತೋಳು) ಹತ್ತಿರ ಕಬ್ಬಿಣದ ರಾಡ್ ಇಟ್ಟು ಒಂದು ಸಲ ಒತ್ತಿದರು. ಬುಷ್‌ನ ರಬ್ಬರ್ ಸುತ್ತಲೂ ಬಾಯಿ ಬಿಟ್ಟಿತ್ತು, ಒಳಗಿನ ಲೋಹ ಆಚೀಚೆ ಓಡಾಡುತ್ತಿತ್ತು. ಲಿಂಕ್ ರಾಡ್ ಕೈಯಲ್ಲಿ ಅಲ್ಲಾಡಿಸಿದರೆ ಟಕ್ ಟಕ್ ಅನ್ನುತ್ತಿತ್ತು. ಹಿಂದಿನ ಒಂದು ಶಾಕ್ ಎಣ್ಣೆ ಕಾರಿ, ಅದರ ಮೇಲೆ ಧೂಳು ಕೂತು ಕಪ್ಪು ಪೇಸ್ಟ್ ಆಗಿತ್ತು. ಆಮೇಲೆ ಟೈರ್. ಟೈರಿನ ಪಕ್ಕದಲ್ಲಿ ಸಣ್ಣ ಅಂಡಾಕಾರದೊಳಗೆ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಇವನದ್ದರಲ್ಲಿ 2317 ಅಂತ ಇತ್ತು. ಅಂದ್ರೆ 2017ನೇ ಇಸವಿಯ ಇಪ್ಪತ್ಮೂರನೇ ವಾರದ ಟೈರು. ಟೈರಿನ ಮೇಲಿನ ಗೀರು ಇನ್ನೂ ಆಳವಾಗೇ ಇತ್ತು, ಅದಕ್ಕೇ ಚೆನ್ನಾಗಿದೆ ಅಂದುಕೊಂಡಿದ್ದ. ಮುಟ್ಟಿದರೆ ರಬ್ಬರ್ ಕಲ್ಲಾಗಿತ್ತು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಈ ಟೈರ್ ಮೇಲೆ ಹೋಗುವವನು 30 ಹಾರ್ಸ್ ಪವರ್ ಜಾಸ್ತಿ ಬೇಕು ಅಂತ ಕೇಳುತ್ತಿದ್ದಾನೆ ನೋಡಿ!

ಗಾಡಿ ಹಳೆಯದಾಗಿ ಸಪ್ಪೆ ಅನ್ನಿಸುವುದು ಬಹಳ ಸಲ ಪವರ್ ಕಮ್ಮಿಯಾಗಿ ಅಲ್ಲ, ಹೀಗೆ ಒಂದೊಂದೇ ಸಾಮಾನು ಸುಸ್ತಾಗಿ. ಬುಷ್, ಶಾಕ್ಸ್, ಎಂಜಿನ್ ಮೌಂಟ್, ಸ್ಪಾರ್ಕ್ ಪ್ಲಗ್, ಬ್ರೇಕ್ ಆಯಿಲ್, ಒಳ್ಳೆ ಟೈರ್, ಸರಿಯಾದ ಅಲೈನ್‌ಮೆಂಟ್. ಇದಕ್ಕೆಲ್ಲ ಸೇರಿ ಲಕ್ಷದ ಹತ್ತಿರ ಹೋಗಬಹುದು. ಯಾರೂ ನೋಡಿ ಹೊಗಳುವುದಿಲ್ಲ, ಫೋಟೊ ಹಾಕಿಕೊಳ್ಳೋಕೂ ಆಗಲ್ಲ. ಆದರೆ ಮಾಡಿಸಿದ ಮೇಲೆ ಒಂದು ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದರೆ ಸಾಕು, ಅರ್ಥವಾಗುತ್ತದೆ. ಮುಖ್ಯವಾಗಿ ಇದ್ಯಾವುದೂ ಕಾನೂನಿನ ಲೆಕ್ಕದಲ್ಲಿ ಮಾರ್ಪಾಡಲ್ಲ, ರಿಪೇರಿ ಅಷ್ಟೇ.

ರೀಮ್ಯಾಪ್ ವಿಷಯಕ್ಕೆ ಬಂದರೆ, ಆ ಡಿಎಸ್‌ಜಿ ಇದೆಯಲ್ಲ, ಒಳಗಿರುವುದು ಎಣ್ಣೆಯಲ್ಲಿ ಮುಳುಗಿರದ ಡ್ರೈ ಕ್ಲಚ್, ಡಿಕ್ಯೂ200 ಅನ್ನುವ ಗೇರ್‌ಬಾಕ್ಸ್. ಅದು ತಡೆಯುವ ಟಾರ್ಕ್ 250 ಎನ್ಎಂ. ರೀಮ್ಯಾಪ್ ಮಾಡಿದವರು ಟಾರ್ಕನ್ನು 220, 230ಕ್ಕೆ ಏರಿಸುತ್ತಾರೆ. ಮಿತಿಯೊಳಗೇ ಇದೆ ಅಂತ ವಾದ ಮಾಡಬಹುದು. ಹೊಸ ಗೇರ್‌ಬಾಕ್ಸ್‌ಗೆ ಆ ವಾದ ಸರಿ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ವರ್ಷಗಟ್ಟಲೆ ಮೊದಲನೇ ಗೇರಿಗೂ ಎರಡನೆಯದಕ್ಕೂ ಓಡಾಡಿ ಬಿಸಿಯಾಗಿ ಸವೆದ ಕ್ಲಚ್‌ಗೆ ಅಲ್ಲ. ಆ ಗೇರ್‌ಬಾಕ್ಸಿನ ಮೆಕಾಟ್ರಾನಿಕ್, ಅಂದರೆ ಗೇರ್ ಬದಲಾಯಿಸುವ ಎಲೆಕ್ಟ್ರಾನಿಕ್ ಭಾಗ, ಹೋದರೆ ಬರುವ ಬಿಲ್ಲು ನೋಡಿದವರನ್ನು ಕೇಳಿ. ಹಿಂದಿನ ಬ್ರೇಕ್ ಬೇರೆ ಡ್ರಮ್. ಓಡುವುದಕ್ಕೆ ಖರ್ಚು ಮಾಡುವವರು ನಿಲ್ಲುವುದಕ್ಕೆ ಯಾಕೋ ಖರ್ಚು ಮಾಡುವುದಿಲ್ಲ.

ಮತ್ತೆ ಪವರ್ ಇಟ್ಟುಕೊಂಡು ಓಡಿಸುವುದಾದರೂ ಎಲ್ಲಿ? ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರಿಗೆ 100 ಕಿಮೀ ಮಿತಿ, ದಾರಿಯುದ್ದಕ್ಕೂ ಕ್ಯಾಮೆರಾ. ಟ್ರ್ಯಾಕ್‌ನಲ್ಲಿ ಓಡಿಸಬೇಕು ಅಂದರೆ ಕೊಯಮತ್ತೂರಿಗೋ ಚೆನ್ನೈ ಹತ್ತಿರದ ಇರುಂಗಾಟುಕೊಟೈಗೋ ಹೋಗಬೇಕು. ರ‍್ಯಾಲಿಗೆ ಹೆಸರಾದ ಚಿಕ್ಕಮಗಳೂರು ಇರುವ ರಾಜ್ಯದಲ್ಲಿ ಕಾರು ಓಡಿಸೋಕೆ ಒಂದು ಪೂರಾ ಅಳತೆಯ ರೇಸ್ ಟ್ರ್ಯಾಕ್ ಇಲ್ಲ, ಅದು ಬೇರೆ ಪತ್ರದ ವಿಷಯ.

ಈಗ ಹೊಸದರ ಕಡೆ ನೋಡೋಣ. ವರ್ಟಸ್ ಜಿಟಿಯ ಮೇಲಿನ ಮಾಡೆಲ್ ಎಕ್ಸ್ ಶೋರೂಂ 19 ಲಕ್ಷದ ಆಸುಪಾಸು ಅಂತಿಟ್ಟುಕೊಳ್ಳಿ. ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಜೀವಿತಾವಧಿ ತೆರಿಗೆ ಶೇ 17, ಆ ತೆರಿಗೆ ಮೊತ್ತದ ಮೇಲೆ ಶೇ 11 ಸೆಸ್. ಅಂದ್ರೆ ಮೂರೂವರೆ ಲಕ್ಷ ಬರೀ ತೆರಿಗೆಗೇ ಹೋಯಿತು. ಹಳೇ ಪೋಲೊಗೆ ಆ ತೆರಿಗೆ ಯಾವತ್ತೋ ಕಟ್ಟಿ ಆಗಿದೆ. ವಿಮೆ, ಸಾಲದ ಬಡ್ಡಿ, ಮೊದಲ ವರ್ಷವೇ ಇಳಿಯುವ ಬೆಲೆ, ಎಲ್ಲ ಸೇರಿಸಿದರೆ ಹೊಸ ಗಾಡಿಯ ಒಂದು ವರ್ಷದ ಖರ್ಚಿನಲ್ಲಿ ಹಳೇ ಗಾಡಿಯನ್ನು ಮುಂದಿನಿಂದ ಹಿಂದಿನವರೆಗೂ ಹೊಸದು ಮಾಡಬಹುದು.

ಹಾಗಂತ ಹೊಸದು ತಗೊಳ್ಳಲೇಬೇಡ ಅಂತ ನಾನು ಹೇಳಲ್ಲ. ಒಂದು ವಿಷಯದಲ್ಲಿ ಹೊಸ ಗಾಡಿಗೆ ಎದುರಿಲ್ಲ. 2014ರಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್‌ನವರು ಪೋಲೊ ಗುದ್ದಿಸಿ ನೋಡಿದಾಗ ಏರ್‌ಬ್ಯಾಗ್ ಇಲ್ಲದ ಗಾಡಿಗೆ ಸೊನ್ನೆ, ಎರಡು ಏರ್‌ಬ್ಯಾಗ್ ಇದ್ದದ್ದಕ್ಕೆ ನಾಲ್ಕು ಸ್ಟಾರ್ ಬಂತು. 2023ರಲ್ಲಿ ಅದಕ್ಕಿಂತ ಬಿಗಿಯಾದ ನಿಯಮದಲ್ಲಿ ವರ್ಟಸ್‌ಗೆ ಐದು ಸ್ಟಾರ್ ಬಂತು. ಪವರ್ ತುಂಬಬಹುದು, ಸಸ್ಪೆನ್ಷನ್ ಬದಲಾಯಿಸಬಹುದು, ಪಕ್ಕದ ಏರ್‌ಬ್ಯಾಗನ್ನು ಯಾವ ಅಂಗಡಿಯವನೂ ತಂದು ಕೂರಿಸಲಾರ. ಮನೆಯಲ್ಲಿ ಸಣ್ಣ ಮಗು ಇದ್ದು ಅದು ದಿನಾ ಹಿಂದಿನ ಸೀಟಿನಲ್ಲಿ ಕೂರುತ್ತದೆ ಅಂದರೆ ನಾನು ಎರಡನೇ ಮಾತಾಡದೆ ಹೊಸದು ತಗೋ ಅಂತೀನಿ. ಇನ್ನೊಂದು ಇ20, ಅಂದರೆ ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್. 2023ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗಳನ್ನು ಇ20 ಪೆಟ್ರೋಲ್ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಲ್ಲ. ಇಂಥ ಕಾರುಗಳಲ್ಲಿ ಮೈಲೇಜ್ ಶೇ 6ರಿಂದ 7 ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ರಬ್ಬರ್ ಪೈಪು, ಸೀಲುಗಳ ಮೇಲೂ ಒಂದು ಕಣ್ಣಿಟ್ಟಿರಬೇಕು.

ಬಜೆಟ್ ಅಷ್ಟಿಲ್ಲದವರಿಗೆ ಹ್ಯುಂಡೈನ ಐ20 ಎನ್ ಲೈನ್ ಇದೆ, 120 ಹಾರ್ಸ್ ಪವರ್. ಐ20ಗೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬೇರೆ. ವರ್ಟಸ್‌ಗಿಂತ ಮೇಲೆ ಏನಿದೆ ಅಂತ ನೋಡಿದರೆ 2025ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ, ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಎರಡೂ ಐವತ್ತು ಲಕ್ಷದ ಹತ್ತಿರ. ಇಡೀ ದೇಶಕ್ಕೆ ಮೊದಲು ತರಿಸಿದ್ದು ಗಾಲ್ಫ್ 150, ಆಕ್ಟೇವಿಯಾ 100. ಮದುವೆ ಮನೆಯಲ್ಲಿ ಕೊನೇ ಪಂಕ್ತಿಗೆ ಎಣಿಸಿ ಹಾಕುವ ಹೋಳಿಗೆಗಿಂತ ಕಡೆ. ಇಪ್ಪತ್ತು ಲಕ್ಷಕ್ಕೂ ಐವತ್ತಕ್ಕೂ ನಡುವೆ ಖುಷಿಯಿಂದ ಓಡಿಸುವಂಥ ಸಣ್ಣ ಪೆಟ್ರೋಲ್ ಕಾರು ಬಹಳ ಕಮ್ಮಿ, ಅಲ್ಲಿರುವುದು ಹೆಚ್ಚಾಗಿ ಎತ್ತರದ ಎಸ್‌ಯುವಿಗಳು. ಹಾಗಾಗಿ ಹುಡುಗರು ಟ್ಯೂನಿಂಗ್ ಅಂಗಡಿಗೆ ಹೋಗುವುದು ಬರೀ ಶೋಕಿಗಲ್ಲ, ಬೇಕಾದ್ದು ಶೋರೂಮಿನಲ್ಲಿ ಸಿಗದೇ ಇರುವುದಕ್ಕೂ ಹೌದು.

ನನ್ನ ತಕರಾರು ಇರುವುದು ಇಲ್ಲೇ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿ ಇರುವ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳ ಹೈಕೋರ್ಟಿನ ತೀರ್ಪು ತಳ್ಳಿಹಾಕಿ ಇದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಬಂತು: ಒಪ್ಪಿಗೆ ಇಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸದ್ದು ಮತ್ತು ಹೊಗೆಗೆ ಬೇರೆ ಸೆಕ್ಷನ್ ಇದೆ, ಅದರಲ್ಲಿ 10,000ದವರೆಗೆ ದಂಡ. ಸಿಎನ್‌ಜಿ ಕಿಟ್ ಹಾಕಿಸಿದರೆ, ಬಣ್ಣ ಬದಲಾಯಿಸಿದರೆ ಆರ್‌ಟಿಒಗೆ ಹೋಗಿ ಆರ್‌ಸಿಯಲ್ಲಿ ಬರೆಸುವ ದಾರಿ ಇದೆ. ಆದರೆ ಒಳ್ಳೆ ಕಂಪನಿಯ ಶಾಕ್ಸ್ ಹಾಕಿಸಿದರೆ? ದೊಡ್ಡ ಬ್ರೇಕ್ ಡಿಸ್ಕ್ ಹಾಕಿಸಿದರೆ? ಅದೇ ಕಾರಿನ ಮೇಲಿನ ಮಾಡೆಲಿಗೆ ಕಂಪನಿಯೇ ಕೊಡುವ ಚಕ್ರ ಹಾಕಿಸಿದರೆ? ಮೈಸೂರಿನಲ್ಲಿ ಒಬ್ಬರು ಪರವಾಗಿಲ್ಲ ಅಂತಾರೆ, ಬೆಂಗಳೂರಿನಲ್ಲಿ ಇನ್ನೊಬ್ಬರು ತಪ್ಪು ಅಂತಾರೆ, ಅಂಗಡಿಯವನಂತೂ ಏನೂ ಆಗಲ್ಲ ಸಾರ್ ಅಂತಾನೆ. ಗಾಡಿ ಸುರಕ್ಷಿತವಾಗಲಿ ಅಂತ ಬ್ರೇಕ್ ಬದಲಾಯಿಸಿದವನೂ ಊರಿಗೆಲ್ಲ ಕೇಳುವ ಹಾಗೆ ಸೈಲೆನ್ಸರ್ ಕೊರೆಸಿದವನೂ ಒಂದೇ ಸಾಲಿನಲ್ಲಿ ನಿಲ್ಲಬೇಕಾಗಿದೆ.

ವಿಮೆಯವರ ವಿಷಯ ಇನ್ನೂ ಕಷ್ಟ. ಹೇಳದೆ ಮಾಡಿಸಿದ ಮಾರ್ಪಾಡು ಅಪಘಾತವಾದ ಮೇಲೆ ಸರ್ವೇಯರ್ ಕಣ್ಣಿಗೆ ಬಿದ್ದರೆ ಸ್ವಂತ ಗಾಡಿಯ ಕ್ಲೇಮಿಗೆ ತೊಂದರೆ ಖಂಡಿತ. ಹೊಸ ಗಾಡಿಗೆ ರೀಮ್ಯಾಪ್ ಮಾಡಿಸಿದರಂತೂ ವಾರಂಟಿ ಆಸೆ ಬಿಡಬೇಕು. ಕಂಪನಿಯ ಸಾಫ್ಟ್‌ವೇರ್ ವಾಪಸ್ ಹಾಕಿಸಿದರೆ ಗೊತ್ತಾಗಲ್ಲ ಅಂತ ನಂಬಬೇಡಿ, ಸರ್ವಿಸ್ ಸೆಂಟರಿನ ಸ್ಕ್ಯಾನರ್‌ಗೆ ಗೊತ್ತಾಗುತ್ತದೆ.

ನಮ್ಮ ಹುಡುಗನ ಗಾಡಿಗೆ 2029ಕ್ಕೆ ಹದಿನೈದು ವರ್ಷ ತುಂಬುತ್ತದೆ. ಆಗ ನೋಂದಣಿ ನವೀಕರಿಸಬೇಕು, ಇನ್ಸ್‌ಪೆಕ್ಟರ್ ಮುಂದೆ ಗಾಡಿ ನಿಲ್ಲಿಸಬೇಕು, ಹಸಿರು ತೆರಿಗೆ ಕಟ್ಟಬೇಕು. ಕಂಪನಿಯಿಂದ ಬಂದ ಹಾಗೇ ಇರುವ ಗಾಡಿಗೆ ಅಲ್ಲಿ ಹೆದರಿಕೆ ಇಲ್ಲ. ಅದಕ್ಕೇ ಅವನಿಗೆ ಹೇಳಿದ್ದೇನೆ: ಸುಮ್ನೆ ಎಂಜಿನ್ ಮುಟ್ಟಬೇಡ. ಬುಷ್, ಶಾಕ್ಸ್, ಟೈರ್, ಬ್ರೇಕ್ ಸರಿ ಮಾಡಿಸಿ ಒಂದು ವರ್ಷ ಓಡಿಸು. ಆಮೇಲೂ ಪವರ್ ಸಾಲದು ಅನ್ನಿಸಿದರೆ ಅದನ್ನು ಕಂಪನಿಯೇ ಹಾಕಿ ಕೊಟ್ಟಿರುವ ಗಾಡಿ ತಗೋ. ಸೆಕೆಂಡ್ ಹ್ಯಾಂಡ್ ಆಕ್ಟೇವಿಯಾ ಆರ್‌ಎಸ್ ನೋಡುವುದಾದರೆ ಹಿಂದಿನವನು ಏನೇನು ಮಾಡಿಸಿದ್ದಾನೆ ಅಂತ ಸ್ಕ್ಯಾನ್ ಹಾಕಿಸದೆ ಅಡ್ವಾನ್ಸ್ ಕೊಡಬೇಡ.

ಸಾರಿಗೆ ಇಲಾಖೆಯವರಿಗೆ ನನ್ನ ಬೇಡಿಕೆ ದೊಡ್ಡದಲ್ಲ. ಚಕ್ರ, ಟೈರ್, ಶಾಕ್ಸ್, ಬ್ರೇಕ್, ದೀಪ, ಗಾಜಿನ ಫಿಲ್ಮ್, ಸ್ಟಿಕರ್, ರೀಮ್ಯಾಪ್, ಇವುಗಳಲ್ಲಿ ಯಾವುದಕ್ಕೆ ಒಪ್ಪಿಗೆ ಬೇಡ, ಯಾವುದನ್ನು ಆರ್‌ಸಿಯಲ್ಲಿ ಬರೆಸಬೇಕು, ಯಾವುದು ಪೂರ್ತಿ ನಿಷೇಧ, ಇದನ್ನು ಒಂದು ಹಾಳೆಯಲ್ಲಿ, ಕನ್ನಡದಲ್ಲಿ, ಪ್ರತಿ ಆರ್‌ಟಿಒ ಕಚೇರಿಯ ಗೋಡೆ ಮೇಲೆ ಅಂಟಿಸಿ. ಅದನ್ನೇ ಬೆಂಗಳೂರಿನ ಜೆ.ಸಿ. ರಸ್ತೆಯ ಗಾಡಿ ಸಾಮಾನಿನ ಅಂಗಡಿಗಳಿಗೂ ಹಂಚಿ. ದಂಡ ಕಟ್ಟಿಸಿಕೊಂಡ ರಶೀದಿಯಲ್ಲಿ ಯಾವ ಮಾರ್ಪಾಡಿಗೆ ಯಾವ ನಿಯಮ ಅಂತ ಬರೆದು ಕೊಡಿ. ಸಂಪಾದಕರೇ, ಮುಂದಿನ ಸಲ ರೋಲರ್ ಫೋಟೊ ಹಾಕುವಾಗ ಪಕ್ಕದಲ್ಲಿ ಆ ಪಟ್ಟಿಗೂ ಒಂದು ಕಾಲಂ ಜಾಗ ಕೊಡಿ.

ಇಂತಿ,
ನಿಮ್ಮ ಓದುಗ
ಮೈಸೂರು