ಬಿಸಿಲೇರುವ ಮುಂಚೆ

ಗಂಗಾವತಿ

ಪ್ರೀತಿಯ ಶಿಲ್ಪಾಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಹಿರೇಬೆಣಕಲ್ ಗುಡ್ಡದ ಕೆಲಸಕ್ಕೆ ನಿನ್ನನ್ನೇ ಉಸ್ತುವಾರಿಗೆ ಹಾಕಿದ್ದಾರೆ ಅಂತ ನಿಮ್ಮವ್ವ ಹೇಳಿದಳು. ಖುಷಿಯಾಯ್ತು. ಮೂರು ಗ್ಯಾಂಗಂತೆ. ಕಾಲುದಾರಿ ರಿಪೇರಿಗೆ ಒಂದು, ಮಳೆನೀರು ಹಿಡಿಯುವ ಟ್ರೆಂಚ್ ತೋಡೋಕೆ ಒಂದು, ಬಳ್ಳಾರಿ ಜಾಲಿ ಕೀಳೋಕೆ ಒಂದು. ಫೋನಿನಲ್ಲಿ ಹೇಳಿದರೆ ನೀನು ಹೂಂ ಹೂಂ ಅಂದು ಮರೆತುಬಿಡ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಡೆ ಬಿಸಿಲು ನಿನಗೆ ಗೊತ್ತಲ್ಲ. ಏಪ್ರಿಲ್ ಬಂತೆಂದರೆ 40 ಡಿಗ್ರಿ, ಬಂಡೆಗಳ ನಡುವೆ ಇನ್ನೂ ಜಾಸ್ತಿ. ಆಳುಗಳಲ್ಲಿ ಕಸುವು ಇರೋದು ಬೆಳಗ್ಗೆ ಆರರಿಂದ ಹತ್ತೂವರೆ ತನಕ. ಆ ನಾಲ್ಕೂವರೆ ತಾಸು ಹಾಳಾಗದ ಹಾಗೆ ಕಾಯೋದೇ ನಿನ್ನ ಕೆಲಸ. ನಾನು ಪ್ಲಾಂಟೇಶನ್ ಕೆಲಸದಲ್ಲಿ ಮೇಸ್ತ್ರಿಯಾಗಿದ್ದಾಗ ಇದನ್ನು ಬೇಕಾದಷ್ಟು ಕಡೆ ನೋಡಿದ್ದೇನೆ. ಆರಕ್ಕೇ ಜನ ಬಂದು ನಿಂತಿರುತ್ತಾರೆ. ಹಾರೆ ಯಾರ ಮನೆಯಲ್ಲಿವೆ ಅಂತ ಒಬ್ಬ ಹುಡುಕುತ್ತಿರುತ್ತಾನೆ, ನೀರು ಬಂದಿರೋದಿಲ್ಲ, ಎಲ್ಲಿ ಅಗೆಯಬೇಕು ಅಂತ ಸಾಹೇಬರು ಇನ್ನೂ ಯೋಚನೆ ಮಾಡುತ್ತಿರುತ್ತಾರೆ. ಎಂಟೂವರೆ ಆಗಿಬಿಡುತ್ತದೆ. ಆಮೇಲೆ ಹನ್ನೆರಡರ ಬಿಸಿಲಲ್ಲಿ, ಈ ಜನ ಮೈಗಳ್ಳರು ಅಂತ ಬೈಯೋದು ಬೇರೆ!

ಹಾಗಾಗಿ ನಿನ್ನ ದಿನ ಹಿಂದಿನ ಸಂಜೆಯೇ ಶುರುವಾಗಬೇಕು. ಸಾಮಾನು ಎಣಿಸಿಕೊಂಡೇ ಇಳಿ. ಬೇಸಿಗೆಗೆ ಕಟ್ಟಿಗೆ ಒಣಗಿ ಗುದ್ದಲಿಯ ಕಾವು, ಅಂದರೆ ಹಿಡಿ, ಸಡಿಲಾಗುತ್ತದೆ. ರಾತ್ರಿ ಕಾವಿನ ತುದಿ ನೀರಲ್ಲಿ ಅದ್ದಿಟ್ಟರೆ ಬೆಳಗ್ಗೆ ಬಿಗಿಯಾಗಿರುತ್ತದೆ. ಇಲ್ಲದಿದ್ದರೆ ಗುದ್ದಲಿ ಕಳಚಿ ಹಿಂದೆ ನಿಂತವರ ಕಾಲಿಗೆ ಬೀಳುತ್ತದೆ. ಮೊಂಡಾದ ಹಾರೆಯನ್ನು ಕಮ್ಮಾರನ ಹತ್ತಿರ ಕಾಸಿ ಬಡಿಸಿಕೊಂಡು ಬಾ. ನಾಳೆ ಎಲ್ಲಿಂದ ಎಲ್ಲಿಗೆ ಅಗೆಯಬೇಕೋ ಅಲ್ಲಿ ಸುಣ್ಣ ಹಾಕಿಯೇ ಇಳಿ. ಬೆಳಗ್ಗೆ ಬಂದವರು ಗೆರೆ ನೋಡಿ ಕೆಲಸ ಹಿಡಿಯಬೇಕು, ನಿನ್ನ ಮುಖ ನೋಡಿ ಅಲ್ಲ.

ಗೆರೆ ಹಾಕುವಾಗ ಗುಡ್ಡದ ನೆತ್ತಿ ನೋಡಬೇಡ, ನೆಲ ನೋಡು. ಈಗ ಮಳೆ ಇಲ್ಲ, ಆದರೆ ಹೋದ ಮಳೆ ಗುರುತು ಬಿಟ್ಟು ಹೋಗಿರುತ್ತದೆ. ಎಲೆ, ಕಡ್ಡಿ ಒಂದೇ ಸಾಲಾಗಿ ಕಲ್ಲಿಗೆ ಸಿಕ್ಕಿಕೊಂಡಿರುತ್ತವೆ. ನುಣ್ಣನೆ ಮರಳು ಒಂದು ಕಡೆ ಕೂತಿರುತ್ತದೆ. ನಮ್ಮಲ್ಲಿ ಮಳೆ ಕಮ್ಮಿ, ಆದರೆ ಬಂದರೆ ಒಮ್ಮೆಲೇ ಸುರಿಯುತ್ತದೆ. ನೇರ ಏರುವ ದಾರಿ ಎರಡೇ ಮಳೆಗೆ ಹಳ್ಳವಾಗುತ್ತದೆ. ಗುಡ್ಡಕ್ಕೆ ಅಡ್ಡಡ್ಡ ಹಾಯಿಸಿ ಹತ್ತಿಸು. ಹತ್ತು ಅಡಿ ನಡೆದರೆ ಒಂದು ಅಡಿ ಏರಿದರೆ ಸಾಕು. ಇಳಿಜಾರಿನ ಕಡೆ ದಾರಿಯ ಅಂಚು ಎರಡು ಮೂರು ಇಂಚು ತಗ್ಗಿರಲಿ, ನೀರು ದಾರಿ ಹಿಡಿದು ಓಡದೆ ಹಾದು ಹೋಗುತ್ತದೆ. ಮೆಟ್ಟಿಲನ್ನು ಕೆಳಗಿನಿಂದ ಕೂಡಿಸುತ್ತಾ ಹೋಗಬೇಕು. ಮೇಲಿನ ಕಲ್ಲು ಕೆಳಗಿನದರ ಹಿಂಬದಿಯ ಮೇಲೆ ಸ್ವಲ್ಪ ಕೂತರೆ ಅಲುಗಾಡೋದಿಲ್ಲ. ಇದನ್ನು ಕಲ್ಲು ಕೆಲಸದವರಿಗೆ ನೀನು ಕಲಿಸಬೇಕಿಲ್ಲ, ಅವರು ಹೇಳಿದ್ದು ಕೇಳು.

ಆದರೆ ಒಂದು ವಿಷಯದಲ್ಲಿ ಮಾತ್ರ ಅವರ ಮಾತು ಕೇಳಬೇಡ. ಮೆಟ್ಟಿಲಿಗೆ ಚಂದದ ಚಪ್ಪಡಿ ಅಲ್ಲೇ ಬಿದ್ದಿದೆ ಅಕ್ಕಾ, ಎತ್ತಿಕೊಳ್ಳಲಾ ಅಂತಾರೆ. ಜನ ಮೋರೇರ ಗುಡ್ಡ ಅಂತ ಕರೆಯುವ ಈ ಗುಡ್ಡದಲ್ಲಿ ಬಿದ್ದ ಚಪ್ಪಡಿ ಅಂದರೆ ಹಳೇ ಕಾಲದ ಕಲ್ಲುಗೋರಿಯ ಗೋಡೆ ಇರಬಹುದು. ಎರಡು ಸಾವಿರ ವರ್ಷಕ್ಕೂ ಹಿಂದಿನವು. ಗುಂಡನೆ ಕಿಂಡಿ ಕೊರೆದ ಕಲ್ಲುಗಳನ್ನು ನೀನೇ ನೋಡಿದ್ದೀಯ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿವೆ. ಮೇಲಿನ ಒಂದು ಕಲ್ಲೂ ಕದಲಬಾರದು. ಬೇಕಾದ ಕಲ್ಲು ಕೆಳಗಿನಿಂದಲೇ ಹೊರಬೇಕು. ಅದಕ್ಕೆ ಜಾಸ್ತಿ ಆಳು, ಜಾಸ್ತಿ ದಿನ ಬೇಕು ಅಂತ ಈಗಲೇ ಲೆಕ್ಕದಲ್ಲಿ ಬರೆಸು. ಪುರಾತತ್ವದವರ ಮತ್ತು ಅರಣ್ಯದವರ ಒಪ್ಪಿಗೆ ಕಾಗದದಲ್ಲಿರಲಿ, ಬಾಯಿಮಾತು ಸಾಲದು.

ಒಂದು ಗ್ಯಾಂಗಿನ ತಲೆ ಮೇಲೆ ಇನ್ನೊಂದು ಗ್ಯಾಂಗ್ ಹಚ್ಚಬೇಡ. ಮೇಲಿನವರು ಕದಲಿಸಿದ ಕಲ್ಲು ಕೆಳಗಿನವರನ್ನು ಕೇಳಿ ಉರುಳೋದಿಲ್ಲ. ಹಾರೆಯನ್ನು ಹೆಗಲ ಮೇಲೆ ಹೊರಿಸಬೇಡ, ಇಳಿಜಾರಿನ ಕಡೆಯ ಕೈಯಲ್ಲಿ ಹಿಡಿಯಲಿ. ಎಡವಿದರೆ ಆಚೆ ಎಸೆಯಬಹುದು. ಕಲ್ಲು ಮಗುಚುವಾಗ ಹಾರೆ ಹಾಕಿ ತಮ್ಮ ಕಡೆಗೇ ಎತ್ತಲಿ, ಒಳಗೆ ಹಾವಿದ್ದರೆ ಆಚೆ ಕಡೆಯಿಂದ ಹೋಗುತ್ತದೆ. ಕಚ್ಚಿದರೆ ದಾರ ಕಟ್ಟೋದು, ಕೊಯ್ಯೋದು ಏನೂ ಬೇಡ. ಅಲುಗಾಡಿಸದೆ ಹೊತ್ತುಕೊಂಡು ಆಸ್ಪತ್ರೆಗೆ. ಯಾರ ಗಾಡಿಯಲ್ಲಿ ಅಂತ ಮೊದಲೇ ಗೊತ್ತಿರಬೇಕು. ಇನ್ನು ಕರಡಿ. ನಸುಕಿಗೆ ಅವು ಮೇದು ಗವಿಗೆ ಮರಳುವ ಹೊತ್ತು, ನಿಮ್ಮವರು ಹತ್ತುವ ಹೊತ್ತೂ ಅದೇ. ಒಟ್ಟಿಗೆ, ಮಾತಾಡುತ್ತಾ ಹತ್ತಿ. ಬಂಡೆ ಸಂದಿಗೆ ಒಬ್ಬರೇ ಹೋಗೋದು ಬೇಡ, ಬಹಿರ್ದೆಸೆಗಾದರೂ ಸರಿ.

ಜಾಲಿಯ ಬಗ್ಗೆ ಜಾಸ್ತಿ ಹೇಳೋದಿಲ್ಲ. ಕಡಿದರೆ ಮತ್ತೆ ಚಿಗುರುತ್ತದೆ, ಬುಡ ಸಮೇತ ಅಗೆದು ಕೀಳಿಸು. ಹುಡುಗರು ಈ ನೆಲದ್ದೇ ಆದ ಕಮರ, ಕಾರೆ ಗಿಡಗಳನ್ನೂ ಸೇರಿಸಿ ಸವರಿಬಿಡುತ್ತಾರೆ. ಉಳಿಸಬೇಕಾದ ಗಿಡಕ್ಕೆ ಬಟ್ಟೆ ಚೂರು ಕಟ್ಟು.

ಜನರ ವಿಷಯಕ್ಕೆ ಬರೋಣ. ಪುಟ್ಟಿ ತುಂಬುವವಳು, ಹೊರುವವಳು ಜೋಡಿಯಾಗಿಯೇ ಬಂದಿರುತ್ತಾರೆ. ಒಬ್ಬಳನ್ನು ಬೇರೆ ಗ್ಯಾಂಗಿಗೆ ಕಳಿಸಿದರೆ ಮರುದಿನ ಇಬ್ಬರೂ ಬರೋದಿಲ್ಲ. ಹೆಣ್ಣಾಳಿಗೆ ಕಮ್ಮಿ ಕೂಲಿ ಅಂತ ಮೇಸ್ತ್ರಿ ಹೇಳಿದರೆ ಅಲ್ಲೇ ನಿಲ್ಲಿಸು. ಸಂತೆಯ ಹಿಂದಿನ ಸಂಜೆ ಕೂಲಿ ಸಿಗಬೇಕು, ಸಂತೆ ಮುಗಿದ ಮೇಲೆ ಕೊಟ್ಟರೆ ಅವರಿಗೆ ಸಾಲ, ನಿನಗೆ ಶಾಪ. ಎಂಟೂವರೆಗೆ ರೊಟ್ಟಿ ತಿನ್ನಲು ಬಿಡು, ಅದನ್ನು ಕಡಿಯಬೇಡ. ನೀರಿನ ಜೊತೆ ಉಪ್ಪು ಹಾಕಿದ ಮಜ್ಜಿಗೆ ಇದ್ದರೆ ತಲೆ ತಿರುಗೋದು ಕಮ್ಮಿ. ಯಾರಾದರೂ ಬೆವರೋದು ನಿಂತು ತೊದಲಿದರೆ ಕೆಲಸ ಬಿಡಿಸಿ ನೆರಳಿಗೆ ಕೂರಿಸು, ಮೈಮೇಲೆ ನೀರು ಸುರಿ, ಗಾಡಿ ಕರೆಸು.

ಬೇಸಿಗೆ ಭತ್ತದ ನಾಟಿ ಮುಗಿಯುತ್ತಾ ಬಂತು, ಇನ್ನು ಜನ ಸಿಗುತ್ತಾರೆ. ಜುಲೈನಲ್ಲಿ ಕಾಲುವೆಗೆ ನೀರು ಬಿಟ್ಟರೆ ಮುಗೀತು, ಎಲ್ಲರೂ ಗದ್ದೆಗೆ. ಅಲ್ಲಿ ಕೂಲಿ ಜಾಸ್ತಿ, ಅವರನ್ನು ತಪ್ಪು ಅನ್ನೋಕಾಗಲ್ಲ. ಕಲ್ಲಿನ ಕೆಲಸ ಮಾರ್ಚ್ ಒಳಗೆ ಮುಗಿಸಿಕೊ, ಟ್ರೆಂಚ್ ಮೊದಲ ಮಳೆಗೆ ತಯಾರಿರಲಿ. ಕೆಲಸ ಮುಂದಿನ ವರ್ಷಕ್ಕೂ ಎಳೆದರೆ ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹಾಜರಿ ಪುಸ್ತಕ ತೆಗೆಯಲೇಬೇಡ. ನೀನೂ ಅಲ್ಲೇ ಇರ್ತೀಯ ಅಲ್ವಾ.

ಜನ ಬರುವ ಮುಂಚಿನ ಭಾನುವಾರ ಇಬ್ಬರೂ ಒಮ್ಮೆ ಹತ್ತಿ ಬರೋಣ. ಮಂಡಿ ನೋವಿದೆ, ಆದರೆ ನಿಧಾನಕ್ಕೆ ಹತ್ತುತ್ತೇನೆ. ರೊಟ್ಟಿ, ಶೇಂಗಾ ಚಟ್ನಿ ನಾನು ಕಟ್ಟಿಕೊಂಡು ಬರುತ್ತೇನೆ. ಸುಣ್ಣ ನೀನು ತಾ.

ನಿನ್ನ
ದೊಡ್ಡಮ್ಮ