ಡಿಸೆಂಬರ್‌ಗೆ ಬರೋಕಾಗಲ್ಲ ಗೆಳೆಯಾ

ಲೋ ಗೆಳೆಯಾ,

ಡಿಸೆಂಬರ್‌ನಲ್ಲಿ ಅಸ್ಸಾಂಗೆ ಬರ್ತೀಯಾ ಅಂತ ಕೇಳಿದ ನಿನ್ನ ಮೆಸೇಜಿಗೆ ಉತ್ತರ ಕೊಡದೆ ತುಂಬಾ ದಿನ ಆಯ್ತು. ಫೋನ್ ಕೈಗೆತ್ತಿಕೊಂಡಾಗೆಲ್ಲ ಇದು ಎರಡು ಸಾಲಿನಲ್ಲಿ ಮುಗಿಯುವ ಮಾತಲ್ಲ ಅನ್ನಿಸಿ ಬಿಟ್ಟುಬಿಡುತ್ತಿದ್ದೆ. ಅದಕ್ಕೇ ಪತ್ರ. ನಮ್ಮ ಹುಡುಗರಿಗೆಲ್ಲ ತೋರಿಸು, ಅಡ್ಡಿಯಿಲ್ಲ. ಎಲ್ಲರೂ ಅದೇ ಪ್ರಶ್ನೆ ಕೇಳುತ್ತಾರೆ, ಒಬ್ಬೊಬ್ಬರಿಗೂ ಹೇಳಿ ಹೇಳಿ ನನಗೂ ಸಾಕಾಗಿದೆ.

ಮೊದಲು ವಿಷಯ. ಡಿಸೆಂಬರ್‌ನಲ್ಲಿ ನಾನು ಅಸ್ಸಾಂಗೆ ಬರುವುದಿಲ್ಲ. ಟಿಕೆಟ್ ದುಡ್ಡು ನೀನೇ ಹಾಕುತ್ತೇನೆ ಅಂದಿದ್ದೀಯ, ಬೇಡ. ದುಡ್ಡಿನ ತಾಪತ್ರಯ ಇಲ್ಲ ಅಂತಲ್ಲ. ಅಮ್ಮನ ಸರ ಇನ್ನೂ ಸೊಸೈಟಿಯಲ್ಲೇ ಇದೆ, ಬಡ್ಡಿ ಕಟ್ಟುತ್ತಿದ್ದೇನೆ. ಆದರೆ ಡಿಸೆಂಬರ್ ಅಂದರೆ ಅರೇಬಿಕಾ ಕಾಫಿ ಕೊಯ್ಲು. ನಾನು ಲೆಕ್ಕ ಬರೆಯುವ ಸಕಲೇಶಪುರದ ಮಂಡಿಗೆ ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ಚೀಲ ಇಳಿಯುತ್ತಲೇ ಇರುತ್ತವೆ. ಆಗ ರಜೆ ಕೇಳಿದರೆ ಸಾಹುಕಾರರು ಖಾಯಂ ರಜೆಯನ್ನೇ ಕೊಟ್ಟು ಕಳಿಸುತ್ತಾರೆ. ಮನೆಗೆ ಬರುವುದು ಈಗ ಅದೊಂದೇ ಸಂಬಳ.

ಇಷ್ಟೇ ಆಗಿದ್ದರೆ ಮೆಸೇಜಿನಲ್ಲೇ ಮುಗಿಸುತ್ತಿದ್ದೆ. ಅಪ್ಪನ ವಿಷಯ ಹೇಳಬೇಕು.

ನಿನಗೆ ಗೊತ್ತಿರುವುದು ಲಾರಿ ಓಡಿಸುತ್ತಿದ್ದ ಅಪ್ಪ. ಹಾಸನದ ಆಲೂಗಡ್ಡೆ, ಮಂಗಳೂರು ಬಂದರಿಗೆ ಕಾಫಿ, ಬರುವಾಗ ಸಿಕ್ಕಿದ ಲೋಡು. ಮಾರನಹಳ್ಳಿ ದಾಟಿದ ಮೇಲೆ ಶಿರಾಡಿಯ ಯಾವ ತಿರುವಿಗೆ ಯಾವ ಗೇರು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. 2018ರಲ್ಲಿ ಕಾಂಕ್ರೀಟ್ ಹಾಕಲು ಘಾಟಿ ಮುಚ್ಚಿದರಲ್ಲ, ಆಗ ಟ್ರಿಪ್ ಕಮ್ಮಿಯಾಗಿ ಅಪ್ಪ ವಾರಗಟ್ಟಲೆ ಮನೆಯಲ್ಲಿದ್ದ. ಮನೆಯ ಹಂಚೆಲ್ಲ ತೆಗೆದು ಮತ್ತೆ ಜೋಡಿಸಿದ, ಬಾವಿ ರಾಟೆ ರಿಪೇರಿ ಮಾಡಿದ, ಸುಮ್ನೆ ಕೂರಲಿಲ್ಲ. ಒಂದಲ್ಲ ಒಂದು ದಿನ ರಸ್ತೆ ತೆರೆಯುತ್ತೆ ಅಂತ ಆಗ ಗೊತ್ತಿತ್ತು.

ಅಮ್ಮನಿಗೆ ಡಯಾಲಿಸಿಸ್ ಶುರುವಾದಾಗ ಲಾರಿ ಬಿಟ್ಟ. ವಾರಕ್ಕೆ ಮೂರು ಸಲ ಆಲೂರಿನಿಂದ ಹಾಸನ, ಪ್ರತಿ ಸಲ ನಾಲ್ಕು ಗಂಟೆ ಮೆಷಿನ್ ಪಕ್ಕ. ಮಂಗಳೂರಿಗೆ ಲೋಡು ಇಳಿಸಲು ಹೋದವನು ಇದನ್ನೂ ಮಾಡಲು ಆಗುತ್ತಾ? 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಫ್ರೀ ಆದ ಮೇಲೆ ಅಮ್ಮನಿಗೆ ಝೀರೋ ಟಿಕೆಟ್, ಅಪ್ಪನಿಗೆ ಮಾತ್ರ ದುಡ್ಡು. 'ನಿಮ್ಮಪ್ಪ ಇಷ್ಟು ವರ್ಷದಲ್ಲಿ ಒಂದು ದಿನ ಲಾರಿಯಲ್ಲಿ ಕೂರಿಸಿಕೊಂಡು ಹೋಗಲಿಲ್ಲ, ಈಗ ನೋಡು ಸರ್ಕಾರವೇ ಕರ್ಕೊಂಡು ಹೋಗ್ತಿದೆ' ಅಂತ ಅಮ್ಮ ಎಲ್ಲರ ಮುಂದೆ ಹೇಳಿ ನಗುತ್ತಿದ್ದಳು. ಅಪ್ಪನೂ ನಗುತ್ತಿದ್ದ.

ಅಡಿಗೆ ಕಲಿತಿದ್ದೂ ಆಗಲೇ. ಉಪ್ಪು ಕಮ್ಮಿ, ನೀರು ಅಳತೆ, ಎಳನೀರು ಬಾಳೆಹಣ್ಣು ಮುಟ್ಟುವ ಹಾಗಿಲ್ಲ. ಆಲೂಗಡ್ಡೆಯನ್ನು ಸಣ್ಣಗೆ ಹೆಚ್ಚಿ ಬೇಯಿಸಿ ಆ ನೀರನ್ನು ಚೆಲ್ಲಬೇಕು, ಅದರಲ್ಲಿರುವ ಪೊಟ್ಯಾಸಿಯಂ ಕಿಡ್ನಿ ಕೆಟ್ಟವರಿಗೆ ಆಗಿಬರುವುದಿಲ್ಲ. ಅಪ್ಪ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದ. ಹಿಂದೆ ಡೀಸೆಲ್ ಲೆಕ್ಕ ಬರೆಯುತ್ತಿದ್ದ ನೋಟ್‌ಬುಕ್ಕೇ.

ಅಮ್ಮ ಮಳೆಗಾಲದಲ್ಲಿ ಹೋದಳು, ನೀನು ಬಂದಿದ್ದೆ. ನೀನು ನೋಡದ್ದು ಆಮೇಲಿನದು. ಅಪ್ಪ ಇವತ್ತಿಗೂ ಆಲೂಗಡ್ಡೆ ಬೇಯಿಸಿದ ನೀರನ್ನು ಚೆಲ್ಲುತ್ತಾನೆ. ಸಾರಿಗೆ ಉಪ್ಪು ಹಾಕುವುದಿಲ್ಲ. ಮೊದಮೊದಲು ಮರೆತಿರಬೇಕು ಅಂದುಕೊಂಡೆ. ಮರೆತಿಲ್ಲ. ನಾನು ತಟ್ಟೆಗೆ ಉಪ್ಪು ಹಾಕಿಕೊಂಡರೆ ಬೇರೆ ಕಡೆ ನೋಡುತ್ತಾನೆ. ಈಗ ನಾನು ಮಂಡಿಯಲ್ಲೇ ಮಧ್ಯಾಹ್ನ ಹೊಟ್ಟೆ ತುಂಬ ತಿಂದುಬಿಡುತ್ತೇನೆ, ರಾತ್ರಿ ಸಪ್ಪೆ ಸಾರು ಉಂಡು ಏಳುತ್ತೇನೆ. ಮಂಗಳವಾರ, ಗುರುವಾರ, ಶನಿವಾರ ಅವನು ಕತ್ತಲಲ್ಲೇ ಎದ್ದು ಸ್ನಾನ ಮಾಡಿ ಪ್ಯಾಂಟು ಹಾಕಿಕೊಂಡು ಕೂರುತ್ತಾನೆ. ಉಳಿದ ದಿನ ಹತ್ತಾದರೂ ಏಳುವುದಿಲ್ಲ.

ಟೀ ಅಂಗಡಿಗೆ ಹೋಗುವುದನ್ನೂ ಬಿಟ್ಟಿದ್ದಾನೆ. ಹೋದರೆ 'ಈಗ ಏನ್ ಮಾಡ್ಕೊಂಡಿದ್ದೀಯ' ಅನ್ನುವ ಪ್ರಶ್ನೆ.

ಕೆಲಸ ಸಿಗುವುದಿಲ್ಲ ಅಂತೇನಿಲ್ಲ. ಡ್ರೈವರ್‌ಗಳಿಗೆ ಎಲ್ಲಾ ಕಡೆ ಹುಡುಕುತ್ತಾರೆ. ತೊಡಕಾಗಿರುವುದು ಲೈಸೆನ್ಸ್. ಆಸ್ಪತ್ರೆ ಓಡಾಟದಲ್ಲಿ ಹೆವಿ ಲೈಸೆನ್ಸ್ ಅವಧಿ ಮುಗಿದದ್ದು ಯಾರಿಗೂ ನೆನಪಾಗಲಿಲ್ಲ. 2019ರಲ್ಲಿ ಕಾನೂನು ತಿದ್ದಿದ ಮೇಲೆ, ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಗಾಡಿ ಓಡಿಸಿ ಪರೀಕ್ಷೆ ಕೊಡಬೇಕು. ಜೊತೆಗೆ ಡಾಕ್ಟರ ಸರ್ಟಿಫಿಕೇಟು, ಕಣ್ಣಿನ ತಪಾಸಣೆ. 'ಶಿರಾಡಿಯಲ್ಲಿ ರಾತ್ರಿ ಮಳೆಯಲ್ಲಿ ಲೋಡು ಇಳಿಸಿದವನು ಈಗ ಮೈದಾನದಲ್ಲಿ ರಿವರ್ಸ್ ಹಾಕಿ ತೋರಿಸಬೇಕಾ' ಅನ್ನುತ್ತಾನೆ. ಮರ್ಯಾದೆ ಪ್ರಶ್ನೆ ಅಂತಾನೆ. ನನಗನ್ನಿಸುವುದು ಬೇರೆ. ಸಂಜೆ ಬೈಕಿನಲ್ಲಿ ಹಿಂದೆ ಕೂತಾಗ ಎದುರಿನ ಲೈಟು ಬಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಾನೆ. ಡಾಕ್ಟರು ಆಗಲ್ಲ ಅಂದುಬಿಟ್ಟರೆ ಅನ್ನುವ ಭಯ ಅದು. ಪೊರೆಯಾಗಿದ್ದರೆ ಆಪರೇಷನ್ ಮಾಡಿಸಿದರೆ ಸರಿಹೋಗುತ್ತೆ, ಆದರೆ ಅಮ್ಮನ ನಂತರ ಅವನು ಆಸ್ಪತ್ರೆ ಗೇಟು ದಾಟಿಲ್ಲ.

ನೆಂಟರ ಹತ್ತಿರ ಎಲ್ಲಕ್ಕೂ ಒಂದೇ ಔಷಧಿ. ನನಗೆ ಮದುವೆ ಮಾಡಿಬಿಡಿ, ಮನೆಗೊಂದು ಹೆಣ್ಣು ಬಂದರೆ ಅಡಿಗೆ ಆಗುತ್ತೆ. ಯಾರೋ ಹುಡುಗಿ ಬಂದು ನಮ್ಮಿಬ್ಬರಿಗೆ ಉಪ್ಪಿಲ್ಲದ ಸಾರು ಮಾಡಬೇಕಂತೆ! ಅವಳ ಗತಿ ಏನು ಅಂತ ಒಬ್ಬರೂ ಕೇಳಲಿಲ್ಲ.

ಇನ್ನು ನಮ್ಮ ಹುಡುಗರು ನನ್ನನ್ನು ಶ್ರವಣಕುಮಾರ ಅನ್ನುವುದನ್ನು ದಯವಿಟ್ಟು ನಿಲ್ಲಿಸಿ. ಆ ಶ್ರವಣಕುಮಾರನಾದರೂ ಅಪ್ಪ ಅಮ್ಮನನ್ನು ಹೊತ್ತುಕೊಂಡು ತೀರ್ಥಯಾತ್ರೆ ಮಾಡಿದ. ನಾನು ಆಲೂರು ಬಿಟ್ಟರೆ ಸಕಲೇಶಪುರ, ಸಕಲೇಶಪುರ ಬಿಟ್ಟರೆ ಆಲೂರು. ನಾನೇನು ಆಸೆ ತ್ಯಾಗ ಮಾಡಿ ಕೂತವನಲ್ಲ. ರಾತ್ರಿ ಮಂಗಳೂರು ಕಡೆಯ ರೈಲು ಹೋದಾಗ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ. ಕೆಲವು ದಿನ ಅಪ್ಪನ ಮೇಲೆ ಸಿಟ್ಟು ಬರುತ್ತೆ. ಸಿಟ್ಟು ಬಂದ ದಿನವೂ ಮೊಬೈಲಿನಲ್ಲಿ ರೈಲ್ವೆ ಟೈಂಟೇಬಲ್ ನೋಡುತ್ತೇನೆ, ಬರದ ದಿನವೂ ನೋಡುತ್ತೇನೆ.

ನೀನು ಗುವಾಹಟಿಗೆ ವಿಮಾನದಲ್ಲಿ ಹೋಗುತ್ತೀಯ. ನನಗೆ ಅದು ಬೇಡ. ಕನ್ಯಾಕುಮಾರಿಯಲ್ಲಿ ವಿವೇಕ್ ಎಕ್ಸ್‌ಪ್ರೆಸ್ ಹತ್ತಿ ದಿಬ್ರುಗಢದಲ್ಲಿ ಇಳಿಯಬೇಕು. ಸುಮಾರು 4,200 ಕಿಲೋಮೀಟರ್, ಮೂರು ದಿನದ ಮೇಲೆ. ದೇಶದಲ್ಲಿ ಅಷ್ಟು ದೂರ ಓಡುವ ರೈಲು ಇನ್ನೊಂದಿಲ್ಲ. ಅಷ್ಟೆಲ್ಲ ಸುತ್ತಿದರೂ ನಮ್ಮ ಕರ್ನಾಟಕಕ್ಕೆ ಮಾತ್ರ ಕಾಲಿಡುವುದಿಲ್ಲ, ನೋಡು! ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ 57 ಸುರಂಗ ನೋಡಿಯೇ ಬಾಯಿ ಬಿಟ್ಟವರು ನಾವು. ಮೂರು ದಿನ ಕಿಟಕಿ ಪಕ್ಕ ಕೂರುವುದು ಹೇಗಿರುತ್ತೋ.

ಇದನ್ನು ಅಪ್ಪನಿಗೆ ಹೇಳಿರಲಿಲ್ಲ. ಹೇಳಿದರೆ ಬಿಟ್ಟು ಹೋಗುತ್ತಾನೆ ಅಂದುಕೊಳ್ಳುತ್ತಾನೇನೋ ಅಂತ. ಹೋದ ಭಾನುವಾರ ಬೋಗಿಬೀಲ್ ಸೇತುವೆಯ ವಿಡಿಯೋ ನೋಡುತ್ತಿದ್ದೆ. ದಿಬ್ರುಗಢದ ಹತ್ತಿರ ಬ್ರಹ್ಮಪುತ್ರದ ಮೇಲೆ, ಐದು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ ಉದ್ದ. ಕೆಳಗೆ ರೈಲು, ಮೇಲೆ ರಸ್ತೆ. 1997ರಲ್ಲಿ ಅದಕ್ಕೆ ಶಂಕುಸ್ಥಾಪನೆ ಮಾಡಿದ್ದು ನಮ್ಮ ಹೊಳೆನರಸೀಪುರದ ದೇವೇಗೌಡರು, ಪ್ರಧಾನಿಯಾಗಿದ್ದಾಗ. ಮುಗಿದು ಓಡಾಟ ಶುರುವಾಗಿದ್ದು 2018ರ ಡಿಸೆಂಬರ್‌ನಲ್ಲಿ. ಅಪ್ಪ ಹಿಂದಿನಿಂದ ಬಂದು ನೋಡುತ್ತಾ ನಿಂತ.

'ಇದರ ಮೇಲೆ ಲಾರಿ ಬಿಡ್ತಾರಾ?'

'ಬಿಡ್ತಾರೆ, ಮೂರು ಲೇನ್ ಇದೆ.'

'ಎಷ್ಟು ಟನ್ನಿನವರೆಗೆ?'

ನನಗೆ ಗೊತ್ತಿರಲಿಲ್ಲ. ಎಷ್ಟೋ ದಿನದ ನಂತರ ಅಪ್ಪ ತಾನಾಗಿ ಕೇಳಿದ ಪ್ರಶ್ನೆ ಅದು. ಆಮೇಲೆ ಕೂತು, ಅಲ್ಲಿ ಗಾಳಿ ಅಡ್ಡ ಹೊಡೆದರೆ ಖಾಲಿ ಲಾರಿ ಹೇಗೆ ಎಳೆಯುತ್ತೆ ಅಂತ ಅರ್ಧ ಗಂಟೆ ಹೇಳಿದ. ಅದೇ ಬಿಸಿಯಲ್ಲಿ ನಾನು ಹೋಗುವ ಆಸೆಯನ್ನೂ ಹೇಳಿಬಿಟ್ಟೆ. 'ಹೋಗು, ಯಾರು ಬೇಡ ಅಂದ್ರು' ಅಂದ. ವರ್ಷ ತುಂಬುವ ಮೊದಲು ದೂರ ಹೋಗಬಾರದು ಅಂತ ಅತ್ತೆ ಹೇಳುತ್ತಾಳಲ್ಲ ಅಂದಿದ್ದಕ್ಕೆ, 'ನಿಮ್ಮಮ್ಮ ಹಾಗಂತಿದ್ಳಾ?' ಅಂದು ಎದ್ದು ಹೋದ. ಅಷ್ಟು ಸುಲಭಕ್ಕೆ ಒಪ್ಪಿದ್ದನ್ನು ನಾನು ಪೂರ್ತಿ ನಂಬಿಲ್ಲ.

ಹಾಗಾಗಿ ಏಪ್ರಿಲ್. ರೊಬಸ್ಟಾ ಕಾಫಿ ಕೊಯ್ಲೂ ಮುಗಿದು ಮಂಡಿ ಖಾಲಿ ಇರುತ್ತೆ, ಅಲ್ಲಿ ಬಿಹು ಹಬ್ಬ ಇರುತ್ತೆ. ಟಿಕೆಟ್ 60 ದಿನ ಮೊದಲು ತೆರೆಯುವುದರಿಂದ ಫೆಬ್ರವರಿಯಲ್ಲಿ ನಿರ್ಧಾರ ಮಾಡಬೇಕು. ಅಷ್ಟರಲ್ಲಿ ಅಪ್ಪನ ಕಣ್ಣು ತೋರಿಸಿ, ಲೈಸೆನ್ಸಿಗೆ ಅರ್ಜಿ ಹಾಕಿಸಬೇಕು. ಆಗದಿದ್ದರೆ ಏಪ್ರಿಲ್‌ಗೂ ಬರಲ್ಲ ಅಂತ ಇನ್ನೊಂದು ಪತ್ರ ಬರೆಯುತ್ತೇನೆ, ಬೈಯಬೇಡ.

ನಿನ್ನಿಂದ ಒಂದು ಕೆಲಸ ಆಗಬೇಕು. ಅಪ್ಪನಿಗೆ ಆಗಾಗ ಫೋನ್ ಮಾಡು. 'ಹೇಗಿದ್ದೀರಾ ಅಂಕಲ್, ಧೈರ್ಯ ತಗೊಳ್ಳಿ' ಅಂತ ಶುರು ಮಾಡಿದರೆ ಫೋನ್ ನನ್ನ ಕೈಗೆ ಕೊಡುತ್ತಾನೆ. ನಿನ್ನ ಸೆಕೆಂಡ್ ಹ್ಯಾಂಡ್ ಕಾರಿನ ಕ್ಲಚ್ ಬಗ್ಗೆ ಕೇಳು. ನೀನು ಓಡಿಸುವ ರೀತಿಗೆ ಅದು ಹೇಗೂ ಹಾಳಾಗಿರುತ್ತೆ. ಮತ್ತೆ ದಿಬ್ರುಗಢದ ಕಡೆ ಹೋದರೆ, ಆ ಸೇತುವೆ ಮೇಲೆ ಎಷ್ಟು ಟನ್ ಬಿಡುತ್ತಾರೆ ಅಂತ ಯಾರಾದರೂ ಲಾರಿ ಡ್ರೈವರ್ ಹತ್ತಿರ ವಿಚಾರಿಸಿ ನೇರ ಅಪ್ಪನಿಗೇ ಹೇಳು, ನನಗಲ್ಲ.

ನಿನ್ನವನೇ,
ಆಲೂರಿನಿಂದ