ಆ ಆರು ಕಿಲೋಮೀಟರ್ ಲೈನನ್ನು ನೆಲದೊಳಗೆ ಹಾಕಿಸಿ: ಇಂಧನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಇಂಧನ ಸಚಿವರಿಗೆ,

ನಮಸ್ಕಾರ.

ನಾನು ಸಕಲೇಶಪುರ ತಾಲ್ಲೂಕಿನ ಘಟ್ಟದಂಚಿನ ಒಂದು ಹಳ್ಳಿಯ ಕಾಫಿ ಬೆಳೆಗಾರ. ಬೆಳೆಗಾರ ಅಂದ ಕೂಡಲೇ ಬಂಗಲೆ, ಜೀಪು, ದೊಡ್ಡ ನಾಯಿ ನೆನಪಾಗುವುದು ಬೇಡ. ನನ್ನದು ನಾಲ್ಕೂವರೆ ಎಕರೆ. ಮನೆಯ ಜನರೇಟರ್ ಕೂಡ ಬೇರೆಯವರು ಬಳಸಿ ಬಿಟ್ಟಿದ್ದು. ಇದಕ್ಕೆ ಮುಂಚೆ ಸೆಕ್ಷನ್ ಆಫೀಸು, ಸಬ್ ಡಿವಿಷನ್, ಡಿವಿಷನ್ ಅಂತ ಒಟ್ಟು ಹದಿನಾಲ್ಕು ಅರ್ಜಿ ಕೊಟ್ಟಿದ್ದೇನೆ. ಹದಿನಾಲ್ಕಕ್ಕೂ ಸೀಲು ಬಿದ್ದಿದೆ. ಸೀಲು ಹೊಡೆಯುವುದರಲ್ಲಿ ನಿಮ್ಮವರನ್ನು ದೂರುವ ಹಾಗೇ ಇಲ್ಲ. ಹದಿನೈದನೆಯದನ್ನು ನಾಲ್ಕು ಜನ ಓದಲಿ ಅಂತ ಹೀಗೆ ಬರೆಯುತ್ತಿದ್ದೇನೆ.

ಕೇಳುವುದು ಒಂದೇ. ನಮ್ಮೂರಿಗೆ ಬರುವ 11 ಕೆವಿ ಲೈನು ಆರು ಕಿಲೋಮೀಟರ್ ದೂರ ಕಾಡು, ತೋಟದ ನಡುವೆಯೇ ಬರುತ್ತದೆ. ಆ ಆರು ಕಿಲೋಮೀಟರಿಗೆ ನೆಲದೊಳಗೆ ಕೇಬಲ್ ಹಾಕಿಸಿ. ಇಡೀ ತಾಲ್ಲೂಕಿಗೆ ಕೇಳುತ್ತಿಲ್ಲ. ಬಯಲಿನಲ್ಲಿ ಕಂಬ ಇರಲಿ, ಯಾರ ತಕರಾರೂ ಇಲ್ಲ.

ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಗುವುದು ಹೊಸತೇನಲ್ಲ ಅಂತ ನಿಮ್ಮ ಅಧಿಕಾರಿಗಳು ಹೇಳುತ್ತಾರೆ. ನಿಜ, ಹೊಸತಲ್ಲ. ಆರಿದ್ರಾ ಮಳೆ ಶುರುವಾದರೆ ಗಾಳಿಗೆ ಸಿಲ್ವರ್ ಓಕ್ ಬೀಳುತ್ತದೆ. ಮರ ತಂತಿ ಮೇಲೆ, ತಂತಿ ಕಂಬದ ಮೇಲೆ. ಒಂದು ಕಂಬ ಮುರಿದರೆ ಅದು ಪಕ್ಕದ ಎರಡನ್ನು ಎಳೆದುಕೊಂಡೇ ಹೋಗುತ್ತದೆ. ಇದರ ಮೇಲೆ ಕಾಡಾನೆ ಬಂದು ಮೈ ಉಜ್ಜಿ ವಾಲಿಸಿದ ಕಂಬಗಳ ಲೆಕ್ಕ ಬೇರೆ. ನಮ್ಮ ಕಡೆ ಏಳೆಂಟು ಹಳ್ಳಿಗೆ ಇಬ್ಬರು ಲೈನ್‌ಮನ್‌ಗಳು. ಆ ಹುಡುಗರ ಬಗ್ಗೆ ನಾನು ಒಂದು ಮಾತೂ ಆಡುವುದಿಲ್ಲ. ಜಿಗಣೆ ಕಚ್ಚಿಸಿಕೊಂಡು, ಹರಿದ ರೇನ್‌ಕೋಟಿನಲ್ಲಿ, ಒದ್ದೆ ಕಂಬ ಹತ್ತುವವರು ಅವರು. ಅವರಿಗಾದರೂ ಆ ಕೇಬಲ್ ಬೇಕು.

ಪ್ರತಿ ಮೇ ತಿಂಗಳು ಮುಂಗಾರು ಸಿದ್ಧತೆ ಅಂತ ದಿನಪೂರ್ತಿ ಲೈನ್ ಆಫ್ ಮಾಡಿ ಕೊಂಬೆ ಕಡಿಯುತ್ತಾರೆ. ಬೀಳುವುದು ಕೊಂಬೆಯಲ್ಲ ಸ್ವಾಮಿ, ಬುಡ ಸಮೇತ ಮರ.

ಈಗ ನನ್ನ ಮನೆಯ ಒಂದು ವಿಷಯ ಹೇಳಬೇಕು. ಹೇಳಬಾರದು ಅಂತಲೇ ಇದ್ದೆ.

2024ರ ಜುಲೈ ಕೊನೆ. ಕರೆಂಟು ಹೋಗಿ ಮೂರನೇ ದಿನ ರಾತ್ರಿ ನಮ್ಮವ್ವ ತೀರಿಕೊಂಡರು. ಎಂಬತ್ತೊಂದು ವರ್ಷ, ಮಲಗಿದಲ್ಲೇ ಹೋದರು. ಅದಕ್ಕೆ ಯಾರನ್ನೂ ದೂರುವುದಿಲ್ಲ. ತಮ್ಮ ದುಬೈಯಲ್ಲಿದ್ದಾನೆ. ಮುಖ ನೋಡದೆ ಮಣ್ಣು ಮಾಡಬೇಡಿ ಅಂದ. ಯಾವಾಗಲೂ ಮಂಗಳೂರಿಗೆ ಇಳಿದು ಘಟ್ಟ ಹತ್ತಿ ಬರುತ್ತಿದ್ದವನು, ಈ ಸಲ ದೋಣಿಗಾಲ್ ಹತ್ತಿರ ಗುಡ್ಡ ಜರಿದಿದೆ ಅಂತ ಬೆಂಗಳೂರು ಸುತ್ತಿ ಬರಬೇಕಾಯಿತು. ಎರಡು ದಿನ ಕಾಯಬೇಕು. ಪಟ್ಟಣದಿಂದ ಫ್ರೀಜರ್ ಪೆಟ್ಟಿಗೆ ತರಿಸಿದೆವು. ಪೆಟ್ಟಿಗೆ ಬಂತು, ಅದಕ್ಕೆ ಹಾಕಲು ಕರೆಂಟು ಎಲ್ಲಿದೆ? ಜನರೇಟರ್ ಐದು ಗಂಟೆ ಓಡಿ ಹೊಗೆ ಉಗುಳಿ ನಿಂತಿತು. ಪಕ್ಕದೂರಿನಿಂದ ಇನ್ನೊಂದು ತರೋಣ ಅಂದರೆ ರಸ್ತೆಗೆ ಮರ ಬಿದ್ದಿದೆ.

ಕೊನೆಗೆ ನನ್ನ ಮಗ ಬೈಕಿನಲ್ಲಿ ಹೋಗಿ, ಮರದ ಹತ್ತಿರ ಬೈಕು ಬಿಟ್ಟು, ಆಚೆ ಬದಿಯಲ್ಲಿ ಯಾರದ್ದೋ ಪಿಕಪ್ ಹತ್ತಿ ಪಟ್ಟಣದ ಮೀನಂಗಡಿಯಿಂದ ಐಸ್ ತಂದ. ಮಂಗಳೂರಿನ ಮೀನಿನ ಲಾರಿ ನಿಂತು ಹೋಗಿದ್ದರಿಂದ ಅಂಗಡಿಯವನ ಹತ್ತಿರವೇ ಐಸ್ ಕಡಿಮೆ ಇತ್ತಂತೆ. ವಿಷಯ ಕೇಳಿ ಇದ್ದದ್ದನ್ನೆಲ್ಲ ಕೊಟ್ಟ, ದುಡ್ಡು ಮುಟ್ಟಲಿಲ್ಲ. ಅವ್ವ ಜೀವಮಾನದಲ್ಲಿ ಮೀನು ಮುಟ್ಟಿದವರಲ್ಲ. ಆ ವಾಸನೆಯ ಐಸನ್ನು ಗೋಣಿಚೀಲದಲ್ಲಿ ಸುತ್ತಿ ಅವರ ಸುತ್ತ ಇಟ್ಟೆವು. ಮಲ್ಲಿಗೆ, ಊದುಬತ್ತಿ ಯಾವುದೂ ಅದನ್ನು ಮುಚ್ಚಲಿಲ್ಲ.

ಇನ್ನೂ ಇದೆ, ಕೇಳಿ. ಕರೆಂಟಿಲ್ಲದೆ ಮೊಬೈಲ್ ಟವರೂ ಸತ್ತಿತ್ತು. ಬೇರೆ ಕಡೆಯ ಸಿಗ್ನಲ್ ಸಿಗುತ್ತದೆ ಅಂತ ತಮ್ಮನಿಗೆ ಫೋನ್ ಮಾಡಲು ಮಳೆಯಲ್ಲಿ ಗುಡ್ಡ ಹತ್ತಿದೆ. ಟಿಣ್ ಅಂತ ಒಂದು ಮೆಸೇಜ್ ಬಂತು. ಮೊದಲ ದಿನವೇ ಕೊಟ್ಟಿದ್ದ ದೂರಿಗೆ ಉತ್ತರ. ‘ನಿಮ್ಮ ದೂರನ್ನು ಪರಿಹರಿಸಲಾಗಿದೆ, ಧನ್ಯವಾದಗಳು.’ ಗುಡ್ಡದ ಮೇಲಿಂದ ಕೆಳಗೆ ನೋಡಿದೆ. ಇಡೀ ಊರಿನಲ್ಲಿ ನಮ್ಮ ಮನೆಯ ಜಗುಲಿಯ ಲಾಟೀನು ಒಂದೇ ಕಾಣುತ್ತಿತ್ತು.

ಕರೆಂಟು ಬಂದದ್ದು ಒಟ್ಟು ಒಂಬತ್ತು ದಿನ ಕಳೆದ ಮೇಲೆ.

ನಿಯಮ ನಿಮಗೆ ಗೊತ್ತಿಲ್ಲದ್ದಲ್ಲ. 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದಲ್ಲಿ ಮನೆಗೆ ದಿನದ 24 ಗಂಟೆ ಕರೆಂಟು ಕೊಡಬೇಕು ಅಂತಿದೆ, ತಪ್ಪಿದರೆ ಪರಿಹಾರ ಅಂತಲೂ ಇದೆ. ಪರಿಹಾರ ನನಗೆ ಬೇಡ. ಗೃಹಜ್ಯೋತಿಯಲ್ಲಿ ನಮ್ಮ ಮನೆಗೂ ಸೊನ್ನೆ ಬಿಲ್ಲು ಬರುತ್ತದೆ, ಉಪಕಾರ ಮರೆತಿಲ್ಲ. ಆದರೆ ಒಂಬತ್ತು ದಿನ ಮೀಟರೂ ಸೊನ್ನೆಯಲ್ಲೇ ಕೂತಿದ್ದರೆ ಅದನ್ನು ಉಚಿತ ಅನ್ನಬೇಕಾ? ಆ ಆರು ಕಿಲೋಮೀಟರ್ ಹಾಕಿಸಿ, ನನ್ನ ಬಿಲ್ಲು ನಾನೇ ಕಟ್ಟುತ್ತೇನೆ.

ಹೊಟ್ಟೆ ಉರಿಯುವುದು ಎಲ್ಲಿ ಗೊತ್ತಾ? ಕರಾವಳಿಯಲ್ಲಿ 1200 ಮೆಗಾವ್ಯಾಟಿನ ಉಡುಪಿ ಸ್ಥಾವರ ಇದೆ. ಅಲ್ಲಿಂದ 400 ಕೆವಿ ಲೈನು ಘಟ್ಟ ಹತ್ತಿ ನಮ್ಮದೇ ಜಿಲ್ಲೆಯ ಶಾಂತಿಗ್ರಾಮಕ್ಕೆ ಬರುತ್ತದೆ. ಅಷ್ಟು ದೊಡ್ಡ ಟವರುಗಳು ಘಟ್ಟ ಹತ್ತಿದವು. ಅವ್ವ ಹೋಗಿ ಒಂದೂವರೆ ತಿಂಗಳಿಗೆ, ಗೌರಿ ಹಬ್ಬದ ದಿನ, ಇದೇ ತಾಲ್ಲೂಕಿನಲ್ಲಿ ಎತ್ತಿನಹೊಳೆ ಪಂಪುಗಳ ಗುಂಡಿ ಒತ್ತಿದರು. ನೀರನ್ನೇ ಗುಡ್ಡದ ಮೇಲಕ್ಕೆ ಎತ್ತಲು ಕರೆಂಟು ಸಿಕ್ಕಿತು. ಬಯಲುಸೀಮೆಗೆ ನೀರು ಹೋಗಲಿ, ಬೇಡ ಅನ್ನಲು ನಾನು ಯಾರು. ನಮಗೂ ಒಂದು ಬಲ್ಬು ಉರಿಯಲಿ ಅಂದರೆ ಅದಕ್ಕೆ ಎಸ್ಟಿಮೇಟ್ ಇಲ್ಲ! 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹತ್ತಿರ ಹತ್ತಿರ 150 ಕಿಲೋಮೀಟರ್ ತಂತಿ ಎಳೆದವರು ನಾವು. ಈಗ ಆರಕ್ಕೆ ತಿಣುಕುತ್ತೇವೆ.

ಖರ್ಚು ಜಾಸ್ತಿ ಅಂತೀರಿ. ಹೌದು, ತಂತಿಗಿಂತ ಕೇಬಲ್ಲಿಗೆ ಎಷ್ಟೋ ಪಟ್ಟು ಜಾಸ್ತಿ. ಬೆಂಗಳೂರಿನ ಬೀದಿಗಳಲ್ಲಿ ನೆಲದೊಳಗೆ ಹಾಕುವಾಗ ಅದು ಜಾಸ್ತಿ ಅನ್ನಿಸಲಿಲ್ಲವಲ್ಲ. ಒಳಗಡೆ ಫಾಲ್ಟ್ ಆದರೆ ಕಣ್ಣಿಗೆ ಕಾಣುವುದಿಲ್ಲ, ಹುಡುಕುವ ಗಾಡಿ ಬೇಕು ಅಂತ ಒಬ್ಬ ಎಂಜಿನಿಯರ್ ಹೇಳಿದರು. ಒಪ್ಪುತ್ತೇನೆ. ಆ ಗಾಡಿ ಬರಲು ಎರಡು ದಿನ ಆಗಲಿ, ಒಂಬತ್ತು ಆಗುವುದಿಲ್ಲ ಅಲ್ವಾ? ಅರಣ್ಯದವರು ಒಪ್ಪಬೇಕು ಅಂತಾರೆ. 11 ಕೆವಿ ಕೇಬಲ್ಲಿಗೆ ಸುಮಾರು 90 ಸೆಂಟಿಮೀಟರ್ ಆಳದ ಕಾಲುವೆ ಸಾಕು. ಕೆಳಗೆ ಮರಳು, ಮೇಲೆ ಇಟ್ಟಿಗೆ. ಅದೂ ರಸ್ತೆ ಪಕ್ಕದಲ್ಲೇ. ಇದೇ ರಸ್ತೆ ಪಕ್ಕ ಹೋದ ವರ್ಷ ಫೋನ್ ಕಂಪನಿಯವರು ಹಳದಿ ಮಿಷನ್ ತಂದು ಹತ್ತು ದಿನದಲ್ಲಿ ತಮ್ಮ ಕೇಬಲ್ ಹೂತು ಹೋದರು. ಅವರಿಗೆ ಬಂಡೆ ಅಡ್ಡ ಬರಲಿಲ್ಲ, ಕಾಡೂ ಅಡ್ಡ ಬರಲಿಲ್ಲ.

ಪೂರ್ತಿ ಆಗದಿದ್ದರೆ ಪ್ಲಾಸ್ಟಿಕ್ ಹೊದಿಸಿದ ತಂತಿ ಕಟ್ಟಿಕೊಡುತ್ತೇವೆ ಅಂತ ಒಮ್ಮೆ ಹೇಳಿದ್ದರು. ಕೊಂಬೆ ತಾಗಿದರೆ ಅದು ತಡೆಯುತ್ತದೆ. ಮರವೇ ಬಿದ್ದರೆ ಅದೂ ಕಂಬದ ಜೊತೆ ನೆಲಕ್ಕೇ. ಹಾಗಾಗಿ ಆ ಸಮಾಧಾನ ಬೇಡ.

ಇನ್ನು ಜೋತು ಬಿದ್ದ ತಂತಿ. ರಸ್ತೆ ಬಿಟ್ಟು ತೋಟದ ಒಳಗಾದರೂ 4.6 ಮೀಟರ್ ಎತ್ತರ ಇರಲೇಬೇಕು ಅಂತ ನಿಮ್ಮದೇ ಲೆಕ್ಕ. ನನ್ನ ತೋಟದಲ್ಲಿ ಎರಡು ಕಡೆ ಉದ್ದನೆಯ ಕೋಲು ಎತ್ತಿದರೆ ತಾಗುತ್ತದೆ. ಮೆಣಸು ಕೊಯ್ಯುವವರಿಗೆ ಅಲ್ಯೂಮಿನಿಯಂ ಏಣಿ ಕೊಡುವುದು ನಿಲ್ಲಿಸಿ ಬಿದಿರಿನದ್ದು ಮಾಡಿಸಿದ್ದೇನೆ. ಇದು ಹನ್ನೊಂದನೇ ಅರ್ಜಿಯಲ್ಲಿತ್ತು.

ಕೆಲಸಕ್ಕೆ ಸರಿಯಾದ ಸಮಯವನ್ನೂ ನಾನೇ ಹೇಳುತ್ತೇನೆ. ಸಂಕ್ರಾಂತಿ ಕಳೆದರೆ ಕಾಫಿ ಕೊಯ್ಲು ಮುಗಿಯುತ್ತಾ ಬರುತ್ತದೆ, ಮಣ್ಣು ಒಣಗಿರುತ್ತದೆ. ಆಗ ಅಗೆಯಲು ಶುರು ಮಾಡಿದರೆ ಮೇ ಒಳಗೆ ಮುಚ್ಚಬಹುದು. ನನ್ನ ತೋಟದ ಬೇಲಿ ಎಷ್ಟು ಅಡಿ ಬೇಕಾದರೂ ಕಿತ್ತುಕೊಳ್ಳಲಿ, ಬರೆದು ಕೊಡುತ್ತೇನೆ. ಅಕ್ಕಪಕ್ಕದ ಹನ್ನೆರಡು ಮನೆಯವರೂ ಸಹಿ ಹಾಕಿದ್ದಾರೆ, ಆ ಹಾಳೆ ಹದಿಮೂರನೇ ಅರ್ಜಿಯ ಜೊತೆಗಿದೆ. ಕಳೆದು ಹೋಗಿದ್ದರೆ ಹೇಳಿ, ಜೆರಾಕ್ಸ್ ಇಟ್ಟಿದ್ದೇನೆ.

ಇತಿ,
ಸಕಲೇಶಪುರ ತಾಲ್ಲೂಕಿನ ಒಬ್ಬ ಸಣ್ಣ ಬೆಳೆಗಾರ